ತುಟಿಯಿಂದ ಆಂಟೆನಾದವರೆಗೆ: ಸಣ್ಣ ವಿಮಾನದಲ್ಲಿ ಮಾತು ಕೇಳಿಸುವ ಬಗೆ

(ತುಮಕೂರಿನಲ್ಲಿ ಡಿಪ್ಲೊಮಾ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ವೇದಿಕೆಯ ಮೇಲೆ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತಿದೆ. 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯಾಯಿತು. ಅಂದಿನಿಂದ ಈ ಜಿಲ್ಲೆಯ ಹುಡುಗ ಹುಡುಗಿಯರು ವಿಮಾನದ ಕೆಲಸದ ಬಗ್ಗೆ ಕೇಳುವುದು ಹೆಚ್ಚಾಗಿದೆ. ಕೇಳುವವರೆಲ್ಲ ಎಂಜಿನ್ ಬಗ್ಗೆ ಕೇಳುತ್ತಾರೆ, ರೆಕ್ಕೆಯ ಬಗ್ಗೆ ಕೇಳುತ್ತಾರೆ. ಪೈಲಟ್ ಆಡಿದ ಮಾತು ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ಗೆ ಹೇಗೆ ಮುಟ್ಟುತ್ತದೆ, ಅಲ್ಲಿಂದ ಬಂದ ಉತ್ತರ ಅವನ ಕಿವಿಗೆ ಹೇಗೆ ಬೀಳುತ್ತದೆ ಎಂದು ಕೇಳುವವರು ವಿರಳ. ನಾನು ಇಷ್ಟಪಟ್ಟು ಮಾಡುತ್ತಿರುವ ಕೆಲಸ ಅದೇ. ಇಂದು ಅದರ ಬಗ್ಗೆಯೇ ಮಾತನಾಡುತ್ತೇನೆ.

ಎರಡು ಅಥವಾ ನಾಲ್ಕು ಸೀಟಿನ ಸಣ್ಣ ವಿಮಾನ ಹ್ಯಾಂಗರ್‌ಗೆ, ಅಂದರೆ ರಿಪೇರಿಯ ಶೆಡ್ಡಿಗೆ, ಬರುತ್ತದೆ. ದೂರಿನ ಪುಸ್ತಕದಲ್ಲಿ ‘ರೇಡಿಯೊ ಸರಿಯಿಲ್ಲ’ ಎಂದು ಒಂದೇ ಸಾಲು. ರೇಡಿಯೊ ಬಿಚ್ಚಿ ಬೆಂಚಿನ ಮೇಲಿಟ್ಟು ಪರೀಕ್ಷಿಸಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ತಪ್ಪು ಇರುವುದು ಮೈಕಿನ ಜಾಗದಲ್ಲಿ, ಪೂರ್ತಿ ಒಳಹೋಗದ ಪ್ಲಗ್ಗಿನಲ್ಲಿ, ತಿರುಗಿಸದೆ ಬಿಟ್ಟ ಒಂದು ಗುಬಟಿನಲ್ಲಿ (ನಾಬ್), ಇಲ್ಲವೇ ಹಾಳಾದ ಅರ್ತಿನಲ್ಲಿ (ಅರ್ಥಿಂಗ್). ಇಷ್ಟಾದರೂ ಲಕ್ಷಾಂತರ ರೂಪಾಯಿ ಕೊಟ್ಟು ಹೊಸ ರೇಡಿಯೊ ಹಾಕಿಸುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆದ್ದರಿಂದ ನಾನು ಕಲಿಸುವ ಕ್ರಮ ಒಂದೇ: ಧ್ವನಿಯ ಹಿಂದೆಯೇ ಹೋಗಿ. ತುಟಿಯಿಂದ ಹೊರಟು ಮೈಕು, ಪ್ಲಗ್ಗು, ಇಂಟರ್‌ಕಾಮ್, ರೇಡಿಯೊ, ಆಂಟೆನಾ. ರೇಡಿಯೊ ಪೆಟ್ಟಿಗೆಗೆ ಕೈ ಹಾಕುವುದು ಅದರ ಸರದಿ ಬಂದಾಗ ಮಾತ್ರ.

ಮೊದಲು, ಈ ಧ್ವನಿ ಎಂಥ ಗದ್ದಲದ ನಡುವೆ ಸಾಗಬೇಕು ಎಂಬುದು ತಿಳಿದಿರಬೇಕು. ನಾಲ್ಕು ಸಿಲಿಂಡರ್‌ನ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ 40 ಸುತ್ತು. ಎರಡು ಅಲಗಿನ ಪ್ರೊಪೆಲ್ಲರ್ ಸೆಕೆಂಡಿಗೆ 80 ಬಾರಿ ಗಾಳಿಯನ್ನು ಹೊಡೆಯುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಉರಿಯುವುದರಿಂದ ಅಲ್ಲಿಯೂ ಅದೇ 80. ಎರಡೂ ಒಂದೇ ಕಂಪನಾಂಕದಲ್ಲಿ ಕೂಡಿ ಎದೆಗೆ ಬಡಿಯುವ ಗುಡುಗಾಗುತ್ತವೆ. ಅದರ ಮೇಲೆ ಗಾಳಿಯ ಸುಯ್ಲು, ಬಾಗಿಲ ಸಂದಿನ ಶಿಳ್ಳೆ. ಇಂಥ ಕಾಕ್‌ಪಿಟ್‌ನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು, ಅದಕ್ಕಿಂತ ಪ್ರತಿ 3 ಡೆಸಿಬೆಲ್ ಹೆಚ್ಚಾದರೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಶ್ರವಣ ರಕ್ಷಣೆಯ ಒಂದು ಮುಖ್ಯ ಮಾನದಂಡ. ಹೆಡ್‌ಸೆಟ್ ಇರುವುದು ಮಾತು ಕೇಳಲಷ್ಟೇ ಅಲ್ಲ, ಕಿವಿ ಉಳಿಸಿಕೊಳ್ಳಲು ಕೂಡ. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ತರಬೇತಿಗೆ ಸೇರುವ ಮಕ್ಕಳ ತಂದೆ ತಾಯಂದಿರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಹೆಡ್‌ಸೆಟ್ ಈ ಗದ್ದಲವನ್ನು ಎರಡು ರೀತಿಯಲ್ಲಿ ತಡೆಯುತ್ತದೆ. ಗಟ್ಟಿ ಚಿಪ್ಪು, ಒಳಗಿನ ಸ್ಪಂಜು, ಕಿವಿಯ ಸುತ್ತ ಕೂರುವ ಮೆತ್ತೆ ಇವು ಹೆಚ್ಚಿನ ಕಂಪನಾಂಕದ ಸದ್ದನ್ನು ಚೆನ್ನಾಗಿ ತಡೆಯುತ್ತವೆ. ಆದರೆ 80 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 80 ಬಡಿತದ, ಗುಡುಗು ಸ್ಪಂಜಿಗೆ ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಸಕ್ರಿಯ ಶಬ್ದ ನಿವಾರಣೆ. ಚಿಪ್ಪಿನೊಳಗೆ ಪುಟ್ಟ ಮೈಕೊಂದು ಸದ್ದನ್ನು ಆಲಿಸುತ್ತದೆ, ಸರ್ಕ್ಯೂಟು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹೊರಡಿಸುತ್ತದೆ, ಎರಡೂ ಒಂದನ್ನೊಂದು ನುಂಗುತ್ತವೆ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಎಂಜಿನಿಯರ್ ಅಮರ್ ಬೋಸ್ 1978ರಲ್ಲಿ ಯುರೋಪಿನಿಂದ ವಿಮಾನದಲ್ಲಿ ಮರಳುವಾಗ, ಕೊಟ್ಟ ಹೆಡ್‌ಫೋನ್‌ನಲ್ಲಿ ಎಂಜಿನ್ ಸದ್ದಿನಿಂದ ಸಂಗೀತವೇ ಕೇಳಿಸದೆ, ಅಲ್ಲೇ ಕುಳಿತು ಇದರ ಲೆಕ್ಕ ಆರಂಭಿಸಿದರು. 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿದ ವಾಯೇಜರ್ ವಿಮಾನದ ಇಬ್ಬರು ಪೈಲಟ್‌ಗಳು ಬೋಸ್ ಅವರ ಪ್ರಾಯೋಗಿಕ ಮಾದರಿಯ ಹೆಡ್‌ಸೆಟ್‌ಗಳನ್ನು ಬಳಸಿದರು. 1989ರಲ್ಲಿ ಅದು ಮಾರುಕಟ್ಟೆಗೆ ಬಂತು.

ಇಷ್ಟು ಬೆಲೆಬಾಳುವ ಹೆಡ್‌ಸೆಟ್ಟಿನ ಗುಣವನ್ನು ಕೆಡಿಸಲು ಒಂದು ಕನ್ನಡಕದ ಕಡ್ಡಿ ಸಾಕು. ಇದನ್ನು ಇಲ್ಲಿ ಒಬ್ಬ ವಿದ್ಯಾರ್ಥಿನಿಯ ತಲೆಗೆ ಹಾಕಿ ತೋರಿಸಿದೆ. ದಪ್ಪ ಕಡ್ಡಿಯ ಕನ್ನಡಕ ಹಾಕಿದಾಗ ಮೆತ್ತೆ ಮತ್ತು ಚರ್ಮದ ನಡುವೆ, ಕಡ್ಡಿಯ ಮೇಲೂ ಕೆಳಗೂ, ಒಂದೊಂದು ಬೆಣೆಯಾಕಾರದ ಸಂದು ಉಳಿಯುತ್ತದೆ. ಆ ಸಂದಿನಿಂದ ಕಡಿಮೆ ಕಂಪನಾಂಕದ ಸದ್ದು ಸಲೀಸಾಗಿ ಒಳನುಗ್ಗುತ್ತದೆ. ತೆಳುವಾದ, ಬಾಗುವ ಕಡ್ಡಿಯ ಕನ್ನಡಕ ಹಾಕಿಸಿದಾಗ ಸಂದು ಮುಚ್ಚಿತು. ಸಭಾಂಗಣದ ಫ್ಯಾನಿನ ಸದ್ದೇ ಎಷ್ಟು ಇಳಿಯಿತೆಂದು ಆಕೆಯೇ ಹೇಳಿದರು. ಜುಮುಕಿ, ದೊಡ್ಡ ಓಲೆ, ಕಿವಿಯ ಮೇಲೆ ಬಿಗಿದ ಜಡೆ, ಟೊಪ್ಪಿಗೆಯ ಅಂಚು ಇವೆಲ್ಲವೂ ಅದೇ ಕೆಲಸ ಮಾಡುತ್ತವೆ. ಹಾರುವ ಮುನ್ನ ಓಲೆ ತೆಗೆದಿಟ್ಟು, ಕೂದಲನ್ನು ಹಿಂದಕ್ಕೆ ಸರಿಸಿ, ಮೆತ್ತೆ ಚರ್ಮಕ್ಕೆ ನೇರವಾಗಿ ಕೂರುವಂತೆ ಹಾಕಿಕೊಳ್ಳಬೇಕು. ಮೆತ್ತೆಯ ಹೊದಿಕೆ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಆ ಖರ್ಚು ಅಲ್ಪ.

ಈಗ ಮೈಕು. ಈ ಉಪನ್ಯಾಸದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಮೈಕು ತುಟಿಗೆ ತಾಗಿಯೂ ತಾಗದಂತೆ ಇರಬೇಕು. ಮೂರರಿಂದ ಆರು ಮಿಲಿಮೀಟರ್, ಅಷ್ಟೇ. ಸಭೆಯಲ್ಲಿ ಮಾತನಾಡುವ ಮೈಕಿನಂತೆ ಅದನ್ನು ದೂರ ಇಡುವಂತಿಲ್ಲ. ಕಾರಣ ಅದರ ರಚನೆಯಲ್ಲಿದೆ. ಮೈಕಿನ ತಲೆಯ ಸ್ಪಂಜು ತೆಗೆದು ನೋಡಿದರೆ ಮುಂದೆ ಒಂದು ರಂಧ್ರ, ಹಿಂದೆಯೂ ಒಂದು ರಂಧ್ರ ಕಾಣುತ್ತದೆ. ಎಂಜಿನ್ ಸದ್ದು ಎಲ್ಲ ಕಡೆಯಿಂದಲೂ ಬರುವುದರಿಂದ ಎರಡೂ ರಂಧ್ರಗಳಿಂದ ಸಮನಾಗಿ ಒಳಹೋಗಿ, ನಡುವಿನ ತೆಳುಪೊರೆಯನ್ನು ಎರಡೂ ಬದಿಯಿಂದ ಒತ್ತುತ್ತದೆ. ಪೊರೆ ಅಲುಗುವುದಿಲ್ಲ. ತುಟಿಯ ಬಳಿಯ ಧ್ವನಿ ಮಾತ್ರ ಮುಂದಿನ ರಂಧ್ರದಲ್ಲಿ ಬಲವಾಗಿ, ಹಿಂದಿನದರಲ್ಲಿ ಕ್ಷೀಣವಾಗಿ ಬೀಳುವುದರಿಂದ ಪೊರೆ ಕಂಪಿಸುತ್ತದೆ. ಮೈಕನ್ನು ನಾಲ್ಕು ಬೆರಳು ದೂರ ಸರಿಸಿದಿರೋ, ನಿಮ್ಮ ಧ್ವನಿಯೂ ಎಂಜಿನ್ ಸದ್ದಿನ ಹಾಗೆ ಎರಡೂ ಕಡೆಯಿಂದ ಸಮನಾಗಿ ಹೋಗಿ ತಾನೇ ಅಳಿಸಿಹೋಗುತ್ತದೆ. ಆಗ ಎಷ್ಟು ಕೂಗಿದರೂ ಪ್ರಯೋಜನವಿಲ್ಲ.

ಮುಂಬದಿ ಯಾವುದು ಎಂದು ತಿಳಿಯಲು ಅನೇಕ ಮೈಕುಗಳ ಮೇಲೆ ಒಂದು ಚುಕ್ಕಿಯೋ ಬರಹವೋ ಇರುತ್ತದೆ. ಆ ಬದಿ ತುಟಿಯತ್ತ ಇರಬೇಕು. ಹೆಡ್‌ಸೆಟ್ಟನ್ನು ತಿರುಗಿಸಿ ಹಾಕಿಕೊಂಡಾಗ ಮೈಕು ಹೊರಮುಖವಾಗುವುದು ತರಬೇತಿ ಶಾಲೆಗಳಲ್ಲಿ ತೀರಾ ಸಾಮಾನ್ಯ. ಸ್ಪಂಜಿನ ಟೋಪಿ ಕಳೆದುಹೋದರೆ ಉಸಿರು ನೇರವಾಗಿ ಪೊರೆಗೆ ಬಡಿದು ‘ಪ’, ‘ಬ’ ಬಂದಲ್ಲೆಲ್ಲ ಢಬ್ ಢಬ್ ಎನ್ನುತ್ತದೆ. ತುಟಿಯ ನಡುವೆ ಇಡದೆ ಬಾಯಿಯ ಒಂದು ಕೊನೆಗೆ ಇಟ್ಟುಕೊಂಡರೆ ಉಸಿರಿನ ಸದ್ದು ಇನ್ನೂ ಕಡಿಮೆ. ಹೀಗೆ ಇಟ್ಟುಕೊಂಡು ಮನೆಯಲ್ಲಿ ಎದುರಿಗೆ ಕುಳಿತವರ ಜೊತೆ ಮಾತನಾಡುವಷ್ಟೇ ಗಟ್ಟಿಯಾಗಿ ಮಾತನಾಡಿದರೆ ಸಾಕು. ರೇಡಿಯೊ ದಾಟಿಸುವುದು ಸುಮಾರು 300ರಿಂದ 3000 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಕೂಗಿದರೆ ವ್ಯಂಜನಗಳು ಒಡೆದು ಮಾತು ಇನ್ನೂ ಅಸ್ಪಷ್ಟವಾಗುತ್ತದೆ.

ಮೈಕಿಗೆ ವಿದ್ಯುತ್ತೂ ಬೇಕು. ಹಿಂದಿನ ವಿಮಾನಗಳಲ್ಲಿ ಇದ್ದದ್ದು ಇಂಗಾಲದ ಪುಡಿ ತುಂಬಿದ ಮೈಕು. ಅದಕ್ಕೆ ರೇಡಿಯೊದಿಂದಲೇ ಸುಮಾರು 8ರಿಂದ 16 ವೋಲ್ಟ್ ಬರುತ್ತಿತ್ತು. ಇಂದು ಒಳಗಿರುವುದು ಎಲೆಕ್ಟ್ರೆಟ್ ಎಂಬ ಹೊಸ ಬಗೆಯ ಮೈಕಾದರೂ, ಹಳೆಯ ರೇಡಿಯೊಗಳಿಗೆ ಹೊಂದಲೆಂದು ಅದರ ಆಂಪ್ಲಿಫೈಯರ್ ಈಗಲೂ ಆ ಇಂಗಾಲದ ಮೈಕಿನ ಹಾಗೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಕಂಪ್ಯೂಟರ್‌ನ ಮೈಕನ್ನು ವಿಮಾನಕ್ಕೆ ಹಾಗೆಯೇ ಜೋಡಿಸಲು ಆಗುವುದಿಲ್ಲ.

ಪ್ಲಗ್ಗುಗಳನ್ನು ನಾನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದೆ. ಸಣ್ಣ ವಿಮಾನದ ಹೆಡ್‌ಸೆಟ್ಟಿಗೆ ಎರಡು ಪ್ಲಗ್ಗು. ದಪ್ಪದ್ದು 6.35 ಮಿಲಿಮೀಟರ್, ಅದು ಕಿವಿಗೆ. ತುಸು ಸಣ್ಣದು 5.2 ಮಿಲಿಮೀಟರ್, ಅದು ಮೈಕಿಗೆ. ಮೈಕಿನ ಪ್ಲಗ್ಗಿನಲ್ಲಿ ಮೂರು ಭಾಗಗಳಿವೆ. ತುದಿ, ಮಾತನಾಡಲು ಒತ್ತುವ ಗುಂಡಿಯ ಸಂಪರ್ಕ. ನಡುವಿನ ಉಂಗುರ, ಧ್ವನಿ. ಬುಡ, ಅರ್ತ್. ಪ್ಲಗ್ಗು ಪೂರ್ತಿ ಒಳಹೋಗದಿದ್ದರೆ ಈ ಮೂರೂ ತಮ್ಮ ಜಾಗ ತಪ್ಪುತ್ತವೆ: ಗುಂಡಿ ಒತ್ತಿದರೂ ಧ್ವನಿ ಹೋಗದಿರಬಹುದು, ಒತ್ತದೆಯೇ ರೇಡಿಯೊ ಪ್ರಸಾರಕ್ಕೆ ಇಳಿಯಲೂಬಹುದು. ಕ್ಲಿಕ್ ಎಂದು ಕೂರುವವರೆಗೆ ತಳ್ಳಿ. ಪ್ಲಗ್ಗಿನ ಹಿತ್ತಾಳೆ ಕಪ್ಪಾಗಿದ್ದರೆ ಒರೆಸಿ. ಹಾರಾಟದಲ್ಲಿ ‘ಕರಕರ’ ಎಂದರೆ ಬೆರಳಿನಿಂದ ಪ್ಲಗ್ಗನ್ನು ಒಂದು ಸುತ್ತು ತಿರುಗಿಸಿ ನೋಡಿ.

ಹೆಲಿಕಾಪ್ಟರ್‌ಗೆ ಒಂದೇ ಪ್ಲಗ್ಗು, ಅದರಲ್ಲೇ ಕಿವಿಯೂ ಮೈಕೂ. ಗುಬ್ಬಿಯ ಕಡೆ ಕಣ್ಣಿಟ್ಟಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಿ: ಸೇನೆಯ ಹೆಡ್‌ಸೆಟ್ಟುಗಳಲ್ಲಿ ಕಡಿಮೆ ಇಂಪೀಡೆನ್ಸ್‌ನವು (ವಿದ್ಯುತ್ತಿಗೆ ಒಡ್ಡುವ ತಡೆ ಕಡಿಮೆ ಇರುವವು) ಬಹಳ. ಅವುಗಳ ಮೈಕು ಐದು ಓಮ್ ಆಸುಪಾಸು. ನಾಗರಿಕ ಹೆಡ್‌ಸೆಟ್ಟಿನ ಇಯರ್‌ಫೋನೇ ನೂರಾರು ಓಮ್. ಪ್ಲಗ್ಗು ಹೊಂದಿತೆಂದು ಒಂದಕ್ಕೆ ಇನ್ನೊಂದನ್ನು ಚುಚ್ಚಿದರೆ ಧ್ವನಿ ಪಿಸುಗುಟ್ಟುತ್ತದೆ, ಇಲ್ಲವೇ ಬರುವುದೇ ಇಲ್ಲ. ನೋಡಲು ಎರಡೂ ಒಂದೇ ಥರ ಇರುವುದರಿಂದ ಲೇಬಲ್ ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಸ್ಟಿರಿಯೊ ಹೆಡ್‌ಸೆಟ್ಟನ್ನು ಮೊನೊ ಜ್ಯಾಕ್‌ಗೆ ಹಾಕಿದಾಗ ಒಂದು ಕಿವಿ ಮಾತ್ರ ಕೇಳಿಸುವುದು ಇಂಥದೇ ಇನ್ನೊಂದು ಸಂಗತಿ. ಹೆಡ್‌ಸೆಟ್ಟಿನ ಮೇಲೆ ಅದಕ್ಕೊಂದು ಪುಟ್ಟ ಸ್ವಿಚ್ ಇರುತ್ತದೆ.

ಇನ್ನು ಇಂಟರ್‌ಕಾಮ್. ಪಕ್ಕದವರ ಮಾತನ್ನು ಕೇಳಿಸುವುದು ಇದು. ಇದರ ಸ್ಕ್ವೆಲ್ಚ್ ಗುಬಟು ಒಂದು ಕಾವಲುಗಾರ: ನಿಗದಿಪಡಿಸಿದ ಮಟ್ಟಕ್ಕಿಂತ ಗಟ್ಟಿಯಾದ ಸದ್ದು ಬಂದಾಗ ಮಾತ್ರ ಮೈಕಿನ ಬಾಗಿಲು ತೆರೆಯುತ್ತದೆ. ಬಹಳ ಸಡಿಲವಾದರೆ ಎಂಜಿನ್ ಸದ್ದಿಗೇ ಬಾಗಿಲು ತೆರೆದುಕೊಂಡು ಹೆಡ್‌ಸೆಟ್ ತುಂಬ ಮೊರೆತ. ಬಹಳ ಬಿಗಿಯಾದರೆ ಪ್ರತಿ ಮಾತಿನ ಮೊದಲ ಅಕ್ಷರ ತುಂಡಾಗುತ್ತದೆ. ಕ್ರಮ ಹೀಗಿರಲಿ. ಹೆಡ್‌ಸೆಟ್ಟಿನ ಮೇಲಿನ ವಾಲ್ಯೂಮ್ ಎರಡೂ ಕಿವಿಗೆ ಪೂರ್ತಿ ಏರಿಸಿ, ಮುಂದಿನದನ್ನೆಲ್ಲ ಪ್ಯಾನೆಲ್‌ನಲ್ಲೇ ಸರಿಪಡಿಸಿ. ಎಂಜಿನ್ ಚಾಲೂ ಆದ ಮೇಲೆ, ಯಾರೂ ಮಾತನಾಡದಿರುವಾಗ, ಮೊರೆತ ಕೇಳಿಸುವವರೆಗೆ ಗುಬಟನ್ನು ಸಡಿಲಿಸಿ, ನಂತರ ಅದು ನಿಲ್ಲುವ ತನಕ ಮಾತ್ರ ಬಿಗಿಮಾಡಿ. ಎಂಜಿನ್ ನಿಂತಿರುವಾಗ ಮಾಡಿದ ಹೊಂದಾಣಿಕೆ ಟೇಕಾಫ್‌ನಲ್ಲಿ ಕೈಕೊಡುತ್ತದೆ. ಖಾಲಿ ಸೀಟಿನ ಹೆಡ್‌ಸೆಟ್ಟನ್ನು ಜ್ಯಾಕ್‌ನಿಂದ ತೆಗೆದುಬಿಡಿ, ಅದರ ಮೈಕು ಸುಮ್ಮನೆ ಗದ್ದಲವನ್ನು ಹೀರಿ ಎಲ್ಲರ ಕಿವಿಗೆ ಸುರಿಯುತ್ತದೆ.

ಇಂಟರ್‌ಕಾಮ್ ವಾಲ್ಯೂಮ್ ಬೇರೆ, ರೇಡಿಯೊ ವಾಲ್ಯೂಮ್ ಬೇರೆ. ಹೆಚ್ಚಿನ ವಿಮಾನಗಳಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದು ಬದಲಾಗುವುದಿಲ್ಲ. ಯಾರೂ ಮಾತನಾಡದಿರುವಾಗ ರೇಡಿಯೊ ವಾಲ್ಯೂಮ್ ಹೊಂದಿಸಲು, ರೇಡಿಯೊದ ಸ್ಕ್ವೆಲ್ಚ್ ತೆರೆದು ಆ ‘ಶ್ಶ್’ ಸದ್ದನ್ನು ಹಿತವಾದ ಮಟ್ಟಕ್ಕೆ ತನ್ನಿ. ಪಕ್ಕದವರ ಹರಟೆಗಿಂತ ಟವರಿನ ಮಾತು ಯಾವಾಗಲೂ ಒಂದು ಹಿಡಿ ಗಟ್ಟಿಯಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರೇಡಿಯೊ ವಿಷಯಕ್ಕೆ ಬರೋಣ. ವಿಮಾನದ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ನಮ್ಮ ಎಫ್‌ಎಂ ವಾಹಿನಿಗಳಿಗಿಂತ ಸ್ವಲ್ಪ ಮೇಲೆ. ಆದರೆ ವಿಧಾನ ಎಫ್‌ಎಂ ಅಲ್ಲ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಬಳಸುವ ಎಎಂ ವಿಧಾನವೇ ಇಲ್ಲಿಯೂ. ಹಳೆಯ ವಿಧಾನವನ್ನು ಏಕೆ ಉಳಿಸಿಕೊಂಡಿದ್ದಾರೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಬಲವಾದ ಸಂಕೇತ ದುರ್ಬಲವಾದುದನ್ನು ಪೂರ್ತಿ ಅಡಗಿಸಿಬಿಡುತ್ತದೆ, ಇನ್ನೊಬ್ಬರು ಕರೆದರು ಎಂಬುದೇ ತಿಳಿಯುವುದಿಲ್ಲ. ಎಎಂನಲ್ಲಿ ಎರಡೂ ಬೆರೆತು ಕೀರಲು ಸದ್ದು ಬರುತ್ತದೆ. ಮಾತು ತಿಳಿಯದಿದ್ದರೂ, ಅಲ್ಲಿ ಇನ್ನೊಬ್ಬರು ಇದ್ದಾರೆ ಎಂದು ಗೊತ್ತಾಗುತ್ತದೆ.

ಆ ಕೀರಲು ಸದ್ದಿಗೆ ಎಂಥ ಬೆಲೆ ತೆರಬೇಕಾಯಿತು ಎಂಬುದಕ್ಕೆ 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ನಡೆದ ದುರಂತ ಸಾಕ್ಷಿ. ಮಂಜು ಕವಿದ ರನ್‌ವೇ. ಒಂದು ತುದಿಯಲ್ಲಿ ಕೆಎಲ್‌ಎಂ ವಿಮಾನ ಟೇಕಾಫ್‌ಗೆ ಸಜ್ಜು. ಪ್ಯಾನ್ ಆಮ್ ವಿಮಾನ ಅದೇ ರನ್‌ವೇ ಮೇಲೆ ಇನ್ನೂ ಸಾಗುತ್ತಿತ್ತು. ಟವರ್, ಟೇಕಾಫ್‌ಗೆ ಕಾಯಿರಿ ಎಂದು ಹೇಳುತ್ತಿದ್ದಾಗಲೇ ಪ್ಯಾನ್ ಆಮ್ ಪೈಲಟ್, ನಾವು ಇನ್ನೂ ರನ್‌ವೇ ಮೇಲಿದ್ದೇವೆ ಎಂದರು. ಎರಡೂ ಮಾತು ಒಂದೇ ಗಳಿಗೆಯಲ್ಲಿ ಡಿಕ್ಕಿಯಾದವು. ಕೆಎಲ್‌ಎಂ ಕಾಕ್‌ಪಿಟ್‌ಗೆ ಕೇಳಿಸಿದ್ದು ‘ಓಕೆ’ ಎಂಬ ಮೊದಲ ಪದ, ಆಮೇಲೆ ಕೆಲವು ಸೆಕೆಂಡುಗಳ ಕೀರಲು. ಎರಡೂ ವಿಮಾನಗಳು ಡಿಕ್ಕಿಯಾಗಿ ಸತ್ತವರು 583 ಮಂದಿ. ಆ ದುರಂತಕ್ಕೆ ಕಾರಣಗಳು ಹಲವು, ಆದರೆ ಪ್ರಾಣ ಉಳಿಸಬಹುದಾಗಿದ್ದ ಎರಡು ವಾಕ್ಯಗಳು ಆ ಸದ್ದಿನಲ್ಲಿ ಮುಚ್ಚಿಹೋದದ್ದು ಮಾತ್ರ ನಿಜ. ಗುಂಡಿ ಒತ್ತುವ ಮೊದಲು ಕೇಳಿಸಿಕೊಳ್ಳಿ, ಒತ್ತಿ ಅರೆಗಳಿಗೆ ತಡೆದು ಮಾತನಾಡಿ, ಮುಗಿದ ಕೂಡಲೇ ಬಿಡಿ. ಗುಂಡಿ ಸಿಕ್ಕಿಕೊಂಡು ಒತ್ತಿದ ಸ್ಥಿತಿಯಲ್ಲೇ ಉಳಿದರೆ ಒಂದು ಪುಟ್ಟ ವಿಮಾನ ಇಡೀ ವಿಮಾನ ನಿಲ್ದಾಣದ ಬಾಯಿ ಕಟ್ಟಿಬಿಡುತ್ತದೆ. ಪ್ರಸಾರದ ಸೂಚಕ ದೀಪ ಆರಿದೆಯೇ ಎಂದು ಪ್ರತಿ ಮಾತಿನ ನಂತರ ಕಣ್ಣಾಡಿಸುವುದು ಅದಕ್ಕೇ.

ವೈರಿಂಗ್ ನನ್ನ ಮೆಚ್ಚಿನ ಭಾಗ. ಇಲ್ಲಿ ಕಿವಿಯೇ ಅತ್ಯುತ್ತಮ ಮೀಟರ್. ಎಂಜಿನ್ ವೇಗ ಹೆಚ್ಚಿದಂತೆ ಏರುತ್ತ ಹೋಗುವ ಕುಯ್ಗುಡುವ ಸದ್ದು, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್‌ನದು. ನೆಲದ ಮೇಲೆ ಆಲ್ಟರ್ನೇಟರ್ ಸ್ವಿಚ್ ಆರಿಸಿ ನೋಡಿ, ಸದ್ದು ನಿಂತರೆ ಕಳ್ಳ ಸಿಕ್ಕಿದ. ಟಿಕ್ ಟಿಕ್ ಎಂದು ಎಂಜಿನ್ ಜೊತೆ ಓಡುವ ಸದ್ದು, ಎಂಜಿನ್‌ಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ್ದು, ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಯಾವುದರದು ಎಂದು ತಿಳಿಯುತ್ತದೆ. ಎಂಜಿನ್ ವೇಗಕ್ಕೆ ಸಂಬಂಧವಿಲ್ಲದೆ ಸೆಕೆಂಡಿಗೊಮ್ಮೆ ‘ಟಪ್’ ಎಂದರೆ ರೆಕ್ಕೆಯ ತುದಿಯ ಮಿನುಗು ದೀಪ. ಪ್ರಸಾರ ಮಾಡುವಾಗ ಮಾತ್ರ ಸ್ವಂತ ಧ್ವನಿ ಒಡೆದು ಕೀರುತ್ತಿದ್ದರೆ, ಆಂಟೆನಾದ ಶಕ್ತಿ ಮೈಕಿನ ವೈರಿಗೆ ಮರಳಿ ನುಸುಳುತ್ತಿದೆ.

ಇವುಗಳಲ್ಲಿ ಬಹುಪಾಲಿಗೆ ಮೂಲ ಅರ್ತ್. ಜ್ಯಾಕ್‌ಗಳನ್ನು ಲೋಹದ ಪ್ಯಾನೆಲ್‌ಗೆ ನೇರವಾಗಿ ಬಿಗಿದರೆ ಅವು ವಿಮಾನದ ಮೈಗೆ ಅರ್ತ್ ಆಗುತ್ತವೆ. ಅದೇ ಮೈಯಲ್ಲಿ ಆಲ್ಟರ್ನೇಟರ್, ದೀಪ, ಪಂಪು ಎಲ್ಲದರ ವಿದ್ಯುತ್ತೂ ಹರಿಯುತ್ತಿರುತ್ತದೆ, ಅದರ ಏರಿಳಿತ ನೇರವಾಗಿ ಧ್ವನಿಗೆ ಸೇರುತ್ತದೆ. ಆದ್ದರಿಂದ ಪ್ರತಿ ಜ್ಯಾಕ್‌ಗೂ ವಿದ್ಯುತ್ ಹರಿಯದ ಫೈಬರ್ ವಾಷರ್ ಹಾಕಬೇಕು. ಎಲ್ಲ ಅರ್ತ್ ವೈರುಗಳೂ ಇಂಟರ್‌ಕಾಮ್ ಬಳಿ ಒಂದೇ ಬಿಂದುವಿನಲ್ಲಿ ಕೂಡಬೇಕು. ಶೀಲ್ಡ್ ವೈರಿನ ಹೊರಜಾಲವನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು. ಮೈಕಿನ ವೈರನ್ನು ಆಲ್ಟರ್ನೇಟರ್, ಮಿನುಗು ದೀಪದ ವೈರುಗಳ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬಾರದು. ಕೈಬೆರಳ ತುದಿಯಷ್ಟಿರುವ ಆ ವಾಷರ್ ಒಂದು ಒಡೆದುಹೋದದ್ದಕ್ಕೆ ಇಡೀ ಆಡಿಯೊ ಪ್ಯಾನೆಲ್ಲನ್ನೇ ಬದಲಿಸಿದ ಮಾಲೀಕರನ್ನು ಬಲ್ಲೆ.

ಆಂಟೆನಾದ ಬಗ್ಗೆ ಚುಟುಕಾಗಿ ಹೇಳುತ್ತೇನೆ. 127 ಮೆಗಾಹರ್ಟ್ಸ್‌ನ ಅಲೆಯ ಕಾಲು ಭಾಗ ಸುಮಾರು 59 ಸೆಂಟಿಮೀಟರ್. ಆಂಟೆನಾದ ಉದ್ದ ಅದೇ ಅಂದಾಜಿನಲ್ಲಿರುತ್ತದೆ. ಅದರ ಬುಡಕ್ಕೆ ಲೋಹದ ಹರವು ಬೇಕು. ಫೈಬರ್ ಮೈಯ ವಿಮಾನವಾದರೆ ಒಳಗಡೆ ತಾಮ್ರದ ಪಟ್ಟಿಯನ್ನೋ ಜಾಲರಿಯನ್ನೋ ಹಾಸಬೇಕು. ಈ ಅಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಸಮತಟ್ಟಾದ ನೆಲದ ಮೇಲೆ ಸಾವಿರ ಅಡಿ ಎತ್ತರದಲ್ಲಿರುವ ವಿಮಾನಕ್ಕೆ ಸುಮಾರು 70 ಕಿಲೋಮೀಟರ್ ದೂರದ ಟವರ್ ಸಿಗುತ್ತದೆ. ತುಮಕೂರಿನಿಂದ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣಕ್ಕೆ ನೇರ ದೂರ 60 ಕಿಲೋಮೀಟರ್ ಆಸುಪಾಸು. ಆದರೆ ನಮ್ಮದು ಸಮತಟ್ಟಾದ ನೆಲವಲ್ಲ. ಕೆಳಮಟ್ಟದಲ್ಲಿ ಹಾರುವಾಗ ದೇವರಾಯನದುರ್ಗದ ಹಿಂದೆಯೋ ನಂದಿಬೆಟ್ಟದ ಆಚೆಯೋ ಹೋದರೆ ಬೆಟ್ಟವೇ ಅಡ್ಡ. ರೇಡಿಯೊವನ್ನು ಬೈಯದೆ ಎತ್ತರಕ್ಕೆ ಏರಬೇಕು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ದಾಖಲಿಸುತ್ತೇನೆ.

ಸಕ್ರಿಯ ಶಬ್ದ ನಿವಾರಣೆ ಇದ್ದರೆ ಎಂಜಿನ್ ಕೆಟ್ಟದ್ದು ಗೊತ್ತಾಗುವುದು ಹೇಗೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದರು. ಒಳ್ಳೆಯ ಪ್ರಶ್ನೆ. ಗುಡುಗು ಇಳಿಯುತ್ತದೆ, ಆದರೆ ಸದ್ದಿನ ಬದಲಾವಣೆ ಕಿವಿಗೆ ತಿಳಿಯುತ್ತದೆ. ಮೈಗೆ ತಾಗುವ ಕಂಪನವಂತೂ ಹಾಗೆಯೇ ಇರುತ್ತದೆ. ನಿಜವಾದ ತೊಂದರೆ ಬ್ಯಾಟರಿ ಮುಗಿದಾಗ. ಗದ್ದಲ ಹಠಾತ್ತನೆ ನುಗ್ಗಿದರೆ, ಎಂಜಿನ್‌ಗೆ ಏನೋ ಆಯಿತೆಂದು ಹೊಸಬರು ಗಾಬರಿಯಾಗುತ್ತಾರೆ. ಒಮ್ಮೆ ಬೋಧಕರ ಜೊತೆ ಹಾರುವಾಗ ಆ ಸ್ವಿಚ್ಚನ್ನು ಬೇಕೆಂದೇ ಆರಿಸಿ, ಆ ವ್ಯತ್ಯಾಸವನ್ನು ಕಿವಿಗೆ ಪರಿಚಯ ಮಾಡಿಸಿಕೊಳ್ಳಿ.

ಹಾರುತ್ತಿರುವಾಗ ಏನೂ ಕೇಳಿಸದಂತಾದರೆ ಏನು ಮಾಡಬೇಕು ಎನ್ನುವುದು ಇನ್ನೊಂದು ಪ್ರಶ್ನೆ. ಮೊದಲು ವಿಮಾನ ಹಾರಿಸುವುದನ್ನು ಬಿಡಬಾರದು. ಆಮೇಲೆ ವಾಲ್ಯೂಮ್, ಪ್ಲಗ್ಗು, ಸ್ಕ್ವೆಲ್ಚ್, ಸರಿಯಾದ ಫ್ರೀಕ್ವೆನ್ಸಿ, ಎರಡನೆಯ ರೇಡಿಯೊ. ಇಂಟರ್‌ಕಾಮ್ ಆರಿಸಿ ನೋಡಿ: ಅನೇಕ ಇಂಟರ್‌ಕಾಮ್‌ಗಳಲ್ಲಿ ವಿದ್ಯುತ್ ಹೋದಾಗ ಪೈಲಟ್‌ನ ಹೆಡ್‌ಸೆಟ್ ತಾನಾಗಿಯೇ ರೇಡಿಯೊಗೆ ನೇರವಾಗಿ ಜೋಡಣೆಯಾಗುತ್ತದೆ. ಪಕ್ಕದ ಸೀಟಿನ ಜ್ಯಾಕ್‌ಗೆ ಹೆಡ್‌ಸೆಟ್ ಬದಲಿಸಿ. ಯಾವುದೂ ಫಲಿಸದಿದ್ದರೆ ಟ್ರಾನ್ಸ್‌ಪಾಂಡರ್‌ನಲ್ಲಿ (ರೇಡಾರ್‌ಗೆ ಉತ್ತರಿಸುವ ಸಾಧನ) ರೇಡಿಯೊ ಕೆಟ್ಟಿದೆ ಎಂದು ತಿಳಿಸುವ 7600 ಸಂಖ್ಯೆ ಹಾಕಿ, ಟವರಿನ ದೀಪದ ಸಂಕೇತ ನೋಡಿ. ಹಾರುತ್ತಿರುವವರಿಗೆ ನಿಂತ ಹಸಿರು ಎಂದರೆ ಇಳಿಯಬಹುದು, ನಿಂತ ಕೆಂಪು ಎಂದರೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಇಷ್ಟರ ನಡುವೆ ನೀವೆಲ್ಲಿದ್ದೀರಿ, ಏನು ಮಾಡಲಿದ್ದೀರಿ ಎಂಬುದನ್ನು ಮಾಮೂಲಿನಂತೆ ಹೇಳುತ್ತಲೇ ಇರಿ. ಕೆಟ್ಟಿರುವುದು ನಿಮ್ಮ ಕಿವಿಯ ಕಡೆಯ ವೈರು ಮಾತ್ರವಾಗಿದ್ದು, ನಿಮ್ಮ ಮಾತು ಟವರಿಗೂ ಸುತ್ತಲಿನ ವಿಮಾನಗಳಿಗೂ ಚೆನ್ನಾಗಿ ಕೇಳಿಸುತ್ತಿರಬಹುದು.